ಅಂತರಜಾಲದ ಎರಡನೆಯ ದಾರಿ

2022ನೆಯ ಇಸವಿಯ ಜುಲೈ 8ನೆಯ ತಾರೀಖು, ಶುಕ್ರವಾರ. ಕೆನಡಾ ದೇಶದ ಪೂರ್ವಭಾಗದ ನಗರಗಳಲ್ಲಿ ಜನರಿನ್ನೂ ನಿದ್ದೆಯಲ್ಲಿದ್ದರು. ಬೆಳಗಿನ ಜಾವ ಐದು ಗಂಟೆಗೆ ಸ್ವಲ್ಪ ಮೊದಲು, ಆ ದೇಶದ ಅತ್ಯಂತ ದೊಡ್ಡ ದೂರಸಂಪರ್ಕ ಸಂಸ್ಥೆಗಳಲ್ಲಿ ಒಂದಾದ ರಾಜರ್ಸ್‌ನ ಜಾಲ ಇದ್ದಕ್ಕಿದ್ದಂತೆ ಕುಸಿಯಿತು. ಆ ಸಂಸ್ಥೆಗೆ 1 ಕೋಟಿ 20 ಲಕ್ಷಕ್ಕೂ ಹೆಚ್ಚು ಗ್ರಾಹಕರಿದ್ದರು. ಮನೆಯ ದೂರವಾಣಿ, ಕೈಯಲ್ಲಿದ್ದ ಮೊಬೈಲು, ಮೇಜಿನ ಮೇಲಿನ ಕಂಪ್ಯೂಟರು, ಎಲ್ಲವೂ ಏಕಕಾಲದಲ್ಲಿ ಮೂಕವಾದವು. ಬಹುಪಾಲು ಗ್ರಾಹಕರಿಗೆ ಸಂಪರ್ಕವು ಮರಳಿ ದೊರೆಯಲು ಒಂದು ಹಗಲು, ಒಂದು ರಾತ್ರಿ ಕಳೆಯಬೇಕಾಯಿತು.

ರಾಜರ್ಸ್ ಸಂಸ್ಥೆಯ ಗ್ರಾಹಕರು ಮಾತ್ರವೇ ಕಷ್ಟಕ್ಕೆ ಸಿಕ್ಕಿದ್ದರೆ ಅದನ್ನು ಒಂದು ಸಂಸ್ಥೆಯ ಅನಾಹುತವೆಂದು ಬಿಟ್ಟುಬಿಡಬಹುದಾಗಿತ್ತು. ಆದರೆ ಬೆಳಗಾಗಿ ಅಂಗಡಿಗಳು ಬಾಗಿಲು ತೆರೆದಾಗ, ಬೇರೆ ಸಂಸ್ಥೆಗಳ ಗ್ರಾಹಕರಿಗೂ ವಿಚಿತ್ರವಾದ ಅನುಭವ ಕಾದಿತ್ತು. ಬ್ಯಾಂಕಿನ ಖಾತೆಯಲ್ಲಿ ಹಣವಿದೆ. ಕೈಯಲ್ಲಿ ಕಾರ್ಡು ಇದೆ. ಆದರೆ ಒಂದು ಬ್ರೆಡ್ಡನ್ನು ಕೊಳ್ಳಲೂ ಸಾಧ್ಯವಿಲ್ಲ. ಕೆನಡಾದ ಬ್ಯಾಂಕುಗಳನ್ನೂ ಅಂಗಡಿಗಳನ್ನೂ ಜೋಡಿಸಿ ಡೆಬಿಟ್ ಕಾರ್ಡುಗಳ ಹಣವನ್ನು ಖಾತೆಯಿಂದ ಖಾತೆಗೆ ದಾಟಿಸುವ ಇಂಟರ್ಯಾಕ್ ಎಂಬ ವ್ಯವಸ್ಥೆ ತನ್ನ ಸಂಪರ್ಕಕ್ಕಾಗಿ ರಾಜರ್ಸ್‌ನ ಜಾಲವನ್ನು ಅವಲಂಬಿಸಿತ್ತು. ಆ ಜಾಲ ನಿಂತುದರಿಂದ ದೇಶದ ಉದ್ದಗಲಕ್ಕೂ ಡೆಬಿಟ್ ಕಾರ್ಡುಗಳ ಪಾವತಿ ನಿಂತಿತು. ಅಂಗಡಿಗಳ ಬಾಗಿಲಲ್ಲಿ ‘ನಗದು ಮಾತ್ರ’ ಎಂಬ ಕೈಬರಹದ ಚೀಟಿಗಳು ಕಾಣಿಸಿಕೊಂಡವು. ಟೊರಾಂಟೊ ನಗರದಲ್ಲಿ ಅಂದು ಸಂಜೆ ನಡೆಯಬೇಕಾಗಿದ್ದ, ‘ದಿ ವೀಕೆಂಡ್’ ಎಂಬ ಹೆಸರಾಂತ ಗಾಯಕನ ಕಾರ್ಯಕ್ರಮವನ್ನು ಮುಂದೂಡಬೇಕಾಯಿತು. ಅದು ನಡೆಯಬೇಕಾಗಿದ್ದ ಕ್ರೀಡಾಂಗಣದ ಹೆಸರೂ ರಾಜರ್ಸ್, ಜಾಲವೂ ರಾಜರ್ಸ್! ಇವೆಲ್ಲಕ್ಕಿಂತ ಗಂಭೀರವಾದುದೆಂದರೆ, ಪ್ರಾಣಾಪಾಯದ ಸಮಯದಲ್ಲಿ ಕರೆಯಬೇಕಾದ 911 ಎಂಬ ತುರ್ತು ಸಂಖ್ಯೆಗೆ ಅನೇಕರ ಕರೆಗಳು ತಲುಪಲಿಲ್ಲ.

ಇಷ್ಟು ಮುಖ್ಯವಾದ ಕೆಲಸಗಳು ಒಂದೇ ದಾರಿಯನ್ನು ನಂಬಿ ಕುಳಿತದ್ದು ಹೇಗೆ? ಒಂದು ಸಂಸ್ಥೆಯು ತನ್ನ ಕಾರ್ಯಾಲಯಕ್ಕೆ ಎರಡನೆಯ ದಾರಿಯನ್ನು ಮಾಡಿಕೊಳ್ಳಬೇಕೆಂದರೆ ಏನು ಮಾಡಬೇಕು? ಇದಕ್ಕೆ ಉತ್ತರ ‘ಇನ್ನೊಂದು ಸಂಪರ್ಕವನ್ನು ಕೊಳ್ಳುವುದು’ ಎಂದು ಮೇಲ್ನೋಟಕ್ಕೆ ತೋರುತ್ತದೆ. ಅದು ಅರ್ಧ ಉತ್ತರ ಮಾತ್ರ.

ಮೊದಲು ಜಾಲದ ಸ್ವರೂಪವನ್ನು ಸ್ವಲ್ಪ ತಿಳಿದುಕೊಳ್ಳಬೇಕು. ಒಂದು ಕಚೇರಿಯಲ್ಲಿ ಐವತ್ತು ಕಂಪ್ಯೂಟರುಗಳಿವೆ ಎಂದುಕೊಂಡರೆ, ಅವೆಲ್ಲವೂ ತಂತಿಯ ಮೂಲಕವೋ ರೇಡಿಯೋ ತರಂಗಗಳ ಮೂಲಕವೋ ಕಟ್ಟಡದೊಳಗೇ ಒಂದಕ್ಕೊಂದು ಜೋಡಣೆಯಾಗಿರುತ್ತವೆ. ಈ ಒಳಜಾಲವು ಹೊರಜಗತ್ತನ್ನು ಮುಟ್ಟುವ ಬಾಗಿಲಿನಲ್ಲಿ ರೂಟರ್ ಎಂಬ ಯಂತ್ರವಿರುತ್ತದೆ. ಯಾವ ಸಂದೇಶ ಯಾವ ದಾರಿಯಲ್ಲಿ ಹೋಗಬೇಕೆಂಬುದನ್ನು ನಿರ್ಧರಿಸುವುದು ಅದರ ಕೆಲಸ. ರೂಟರಿನಿಂದ ಹೊರಟ ಕೇಬಲ್ಲು ಬೀದಿಯನ್ನು ದಾಟಿ, ಸಂಪರ್ಕವನ್ನು ಒದಗಿಸುವ ಸಂಸ್ಥೆಯ ಕೇಂದ್ರವನ್ನು ಸೇರುತ್ತದೆ. ಅಲ್ಲಿಂದಾಚೆಗೆ ಜಗತ್ತನ್ನೆಲ್ಲ ಹೆಣೆದಿರುವ ಮಹಾಜಾಲ.

ಆ ಮಹಾಜಾಲವು ಸುಲಭವಾಗಿ ಹರಿಯುವಂಥದಲ್ಲ. ಅಮೆರಿಕದ ರ‍್ಯಾಂಡ್ ಸಂಸ್ಥೆಯಲ್ಲಿದ್ದ ಪಾಲ್ ಬಾರನ್ ಎಂಬ ಎಂಜಿನಿಯರು 1960ರ ದಶಕದ ಆರಂಭದಲ್ಲಿ ಒಂದು ಪ್ರಶ್ನೆಯನ್ನು ಕೈಗೆತ್ತಿಕೊಂಡನು. ಯುದ್ಧದಲ್ಲಿ ಅರ್ಧದಷ್ಟು ಕೇಂದ್ರಗಳು ನಾಶವಾದರೂ ಉಳಿದ ಕೇಂದ್ರಗಳು ಪರಸ್ಪರ ಮಾತನಾಡುವಂತೆ ಸಂಪರ್ಕವ್ಯವಸ್ಥೆಯನ್ನು ಕಟ್ಟುವುದು ಹೇಗೆ ಎಂಬುದೇ ಆ ಪ್ರಶ್ನೆ. ಎಲ್ಲ ತಂತಿಗಳೂ ನಡುವಿನ ಒಂದು ಕೇಂದ್ರಕ್ಕೆ ಬಂದು ಸೇರುವ ಏರ್ಪಾಡಿನಲ್ಲಿ, ನಡುವಿನದು ಕೆಟ್ಟರೆ ಎಲ್ಲವೂ ಕೆಟ್ಟಂತೆಯೇ. ಅದಕ್ಕೆ ಬದಲಾಗಿ ಮೀನಿನ ಬಲೆಯಂತೆ ಪ್ರತಿಯೊಂದು ಗಂಟೂ ಸುತ್ತಲಿನ ಹಲವು ಗಂಟುಗಳಿಗೆ ಕೂಡಿಕೊಂಡಿದ್ದರೆ, ಒಂದೆರಡು ಎಳೆಗಳು ಹರಿದರೂ ಸಂದೇಶವು ಬಳಸುದಾರಿ ಹಿಡಿದು ಗುರಿಯನ್ನು ಮುಟ್ಟುತ್ತದೆ. ಕೇಂದ್ರಗಳನ್ನೆಲ್ಲ ಕೂಡಿಸಲು ಬೇಕಾದ ಕನಿಷ್ಠ ಸಂಖ್ಯೆಯ ಮೂರು ನಾಲ್ಕು ಪಟ್ಟು ಕೊಂಡಿಗಳಿದ್ದರೆ ಜಾಲವು ಬಹಳ ಗಟ್ಟಿಯಾಗುತ್ತದೆಂದು ಅವನು ಲೆಕ್ಕ ಹಾಕಿ ತೋರಿಸಿದನು. ಅವನ ಬರಹಗಳು 1964ರಲ್ಲಿ ಪ್ರಕಟವಾದವು. ಇಂದಿನ ಅಂತರಜಾಲದಲ್ಲಿಯೂ ಈ ಬಲೆಯ ಗುಣವನ್ನು ಕಾಣಬಹುದು.

ಹಾಗಾದರೆ ತೊಂದರೆ ಎಲ್ಲಿ? ಬಲೆ ಗಟ್ಟಿ, ನಿಜ. ಆದರೆ ಕಚೇರಿಯನ್ನು ಆ ಬಲೆಗೆ ಕಟ್ಟಿರುವ ದಾರ ಒಂದೇ. ಕಟ್ಟಡದಿಂದ ಸಂಪರ್ಕಸಂಸ್ಥೆಯ ಕೇಂದ್ರದವರೆಗಿನ ಒಂದೆರಡು ಮೈಲಿಯ ಆ ಕೇಬಲ್ಲಿಗೆ ಬಳಸುದಾರಿಯೆಂಬುದಿಲ್ಲ. ಸಪ್ತಸಾಗರಗಳನ್ನು ದಾಟಿ ಬಂದ ಸಂದೇಶವು ಕಚೇರಿಯ ಎದುರಿನ ಬೀದಿಯಲ್ಲಿ, ನೀರಿನ ಕೊಳಾಯಿಗಾಗಿ ಜೆಸಿಬಿ ತೋಡಿದ ಗುಂಡಿಯ ಬಳಿ ಬಂದು ನಿಂತುಬಿಡುತ್ತದೆ.

ಎರಡನೆಯ ಸಂಪರ್ಕದಿಂದಾಗುವ ಲಾಭವನ್ನು ಒಂದು ಸಣ್ಣ ಗಣಿತದಿಂದ ತಿಳಿಯಬಹುದು. ವರ್ಷಕ್ಕೆ 365 ದಿನ. ದಿನಕ್ಕೆ 24 ಗಂಟೆ. ಒಟ್ಟು 8,760 ಗಂಟೆಗಳು. ಒಂದು ಸಂಪರ್ಕವು ನೂರಕ್ಕೆ 99 ಪಾಲು ಕಾಲ ಸರಿಯಾಗಿರುತ್ತದೆ ಎಂದುಕೊಳ್ಳೋಣ. ಕೇಳಲು ಇದು ಚೆನ್ನಾಗಿಯೇ ಇದೆ. ಪರೀಕ್ಷೆಯಲ್ಲಿ ಇಷ್ಟು ಅಂಕ ಬಂದರೆ ಊರೆಲ್ಲ ಹೊಗಳುತ್ತದೆ. ಆದರೆ ಉಳಿದ ಒಂದು ಪಾಲೆಂದರೆ ವರ್ಷದಲ್ಲಿ 87 ಗಂಟೆಗಳಿಗಿಂತ ಹೆಚ್ಚು, ಅಂದರೆ ಮೂರೂವರೆ ದಿನಗಳಿಗಿಂತಲೂ ದೀರ್ಘವಾದ ಮೌನ. ಈಗ ಅಂಥದೇ ಇನ್ನೊಂದು ಸಂಪರ್ಕವನ್ನು ಸೇರಿಸಿದರೆ, ಎರಡೂ ಒಂದೇ ಹೊತ್ತಿನಲ್ಲಿ ಕೆಟ್ಟಿರುವ ಸಂಭವವು ನೂರರಲ್ಲಿ ಒಂದರ ನೂರರಲ್ಲಿ ಒಂದು ಭಾಗ. ಹತ್ತು ಸಾವಿರಕ್ಕೆ ಒಂದು. ವರ್ಷಕ್ಕೆ ಲೆಕ್ಕ ಹಾಕಿದರೆ 53 ನಿಮಿಷಗಳಷ್ಟೂ ಆಗುವುದಿಲ್ಲ. ಮೂರೂವರೆ ದಿನಗಳ ಮೌನವು ಒಂದು ಗಂಟೆಗಿಂತ ಕಡಿಮೆಗೆ ಇಳಿಯಿತು!

ಈ ಲೆಕ್ಕದಲ್ಲಿ ಒಂದು ಷರತ್ತು ಅಡಗಿದೆ. ಒಂದು ಸಂಪರ್ಕ ಕೆಡುವುದಕ್ಕೂ ಇನ್ನೊಂದು ಕೆಡುವುದಕ್ಕೂ ಯಾವ ಸಂಬಂಧವೂ ಇರಬಾರದು. ಸಂಬಂಧವಿದ್ದರೆ ಗುಣಾಕಾರವೇ ಸುಳ್ಳಾಗುತ್ತದೆ. ಒಬ್ಬ ರೈತನು ಬೇಸಿಗೆಗೆ ಹೆದರಿ ಹಿತ್ತಿಲಲ್ಲಿ ಒಂದರ ಪಕ್ಕ ಒಂದರಂತೆ ಎರಡು ಬಾವಿಗಳನ್ನು ತೋಡಿಸಿದನೆನ್ನೋಣ. ಎರಡಕ್ಕೂ ನೀರು ಬರುವುದು ಒಂದೇ ಒರತೆಯಿಂದಾದರೆ, ಬತ್ತುವಾಗಲೂ ಎರಡೂ ಒಟ್ಟಿಗೇ ಬತ್ತುತ್ತವೆ. ಮೇಲಿನಿಂದ ನೋಡುವವನಿಗೆ ಕಟ್ಟೆಗಳು ಎರಡು ಕಾಣುತ್ತವೆ, ಒರತೆ ಕಾಣುವುದಿಲ್ಲ.

ಅಂತರಜಾಲದ ಚರಿತ್ರೆಯಲ್ಲಿ ಈ ಒಂದೇ ಒರತೆಯ ಕಥೆ ಮತ್ತೆ ಮತ್ತೆ ಬರುತ್ತದೆ. ಇಂದಿನ ಅಂತರಜಾಲಕ್ಕೆ ಪೂರ್ವಜನೆನಿಸಿದ ಆರ್ಪಾನೆಟ್ ಎಂಬ ಜಾಲವು ಅಮೆರಿಕದಲ್ಲಿತ್ತು. ಆ ದೇಶದ ಈಶಾನ್ಯ ಮೂಲೆಯಲ್ಲಿರುವ ನ್ಯೂ ಇಂಗ್ಲೆಂಡ್ ಪ್ರಾಂತವನ್ನು ಉಳಿದ ಜಾಲಕ್ಕೆ ಕೂಡಿಸಲು ಒಂದಲ್ಲ, ಎರಡಲ್ಲ, 7 ಸಂಪರ್ಕಗಳಿದ್ದವು. ಏಳರಲ್ಲಿ ಆರು ಕಡಿದರೂ ಒಂದು ಉಳಿಯುತ್ತದಷ್ಟೆ! 1986ರ ಡಿಸೆಂಬರ್ 12ರಂದು ನ್ಯೂವಾರ್ಕ್ ಮತ್ತು ವೈಟ್ ಪ್ಲೇನ್ಸ್ ಎಂಬ ಊರುಗಳ ನಡುವೆ ಒಂದು ಕೇಬಲ್ಲು ತುಂಡಾಯಿತು. ಒಂದೇ ಒಂದು ಕೇಬಲ್ಲು. ಆದರೆ ಏಳು ಸಂಪರ್ಕಗಳೂ ಅದೇ ಒಂದರೊಳಗೆ ಹಾದುಹೋಗುತ್ತಿದ್ದವು. ನಕ್ಷೆಯ ಮೇಲೆ ಬೇರೆ ಬೇರೆಯಾಗಿ ಎಳೆದಿದ್ದ ಏಳು ಗೆರೆಗಳು ನೆಲದಡಿಯಲ್ಲಿ ಒಂದೇ ಆಗಿದ್ದವು. ಸುಮಾರು ಹನ್ನೊಂದು ಗಂಟೆಗಳ ಕಾಲ ಆ ಪ್ರಾಂತವು ಜಾಲದಿಂದ ಬೇರ್ಪಟ್ಟಿತು.

ಇಲ್ಲಿ ಸಂಪರ್ಕಗಳು ಒಂದೇ ಕೇಬಲ್ಲಿನಲ್ಲಿದ್ದವು. ಬೇರೆ ಬೇರೆ ಸಂಸ್ಥೆಗಳ ಬೇರೆ ಬೇರೆ ಕೇಬಲ್ಲುಗಳನ್ನು ಆರಿಸಿಕೊಂಡರೆ ಕ್ಷೇಮವಲ್ಲವೆ ಎಂದು ಕೇಳಬಹುದು. ಅದಕ್ಕೆ 2001ರ ಜುಲೈ 18ರಂದು ಬಾಲ್ಟಿಮೋರ್ ನಗರದಲ್ಲಿ ಉತ್ತರ ದೊರೆಯಿತು. ಆ ನಗರದ ಬೀದಿಗಳ ಕೆಳಗೆ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕಟ್ಟಿದ ಹೋವರ್ಡ್ ಸ್ಟ್ರೀಟ್ ಎಂಬ ರೈಲ್ವೆ ಸುರಂಗವಿದೆ. ಅಂದು ಅದರೊಳಗೆ ಒಂದು ಸರಕು ಸಾಗಣೆಯ ರೈಲು ಹಳಿ ತಪ್ಪಿ ಬೆಂಕಿ ಹತ್ತಿಕೊಂಡಿತು. ಬೆಂಕಿ ಹಲವು ದಿನ ಉರಿಯಿತು. ಅಮೆರಿಕದ ಹಲವು ಪ್ರಮುಖ ಸಂಪರ್ಕಸಂಸ್ಥೆಗಳು ತಮ್ಮ ತಮ್ಮ ಫೈಬರ್ ಕೇಬಲ್ಲುಗಳನ್ನು ಹಾಕಲು ಇದೇ ಸುರಂಗವನ್ನು ಆರಿಸಿಕೊಂಡಿದ್ದವು. ಒಂದು ಸಂಸ್ಥೆ ಇನ್ನೊಂದಕ್ಕೆ ಪ್ರತಿಸ್ಪರ್ಧಿ. ಆದರೆ ಸುರಂಗ ಎಲ್ಲರಿಗೂ ಒಂದೇ. ದೇಶದ ಬಹುಭಾಗದಲ್ಲಿ ಅಂತರಜಾಲವು ಮಂದವಾಯಿತು. ಇದರಲ್ಲಿ ಆಶ್ಚರ್ಯಪಡತಕ್ಕದ್ದೇನೂ ಇಲ್ಲ. ನೆಲವನ್ನು ಅಗೆಯುವುದು ಬಹಳ ದುಬಾರಿಯ ಕೆಲಸ. ಈಗಾಗಲೇ ಇರುವ ಸುರಂಗ, ಸೇತುವೆ, ರೈಲುಮಾರ್ಗದ ಅಂಚು, ಹೆದ್ದಾರಿಯ ಪಕ್ಕ, ಇವು ಎಲ್ಲರ ಕಣ್ಣಿಗೂ ಅಗ್ಗವಾಗಿಯೇ ಕಾಣುತ್ತವೆ. ಹೀಗೆ ಯಾರೂ ಯೋಚಿಸಿ ಮಾಡದಿದ್ದರೂ ದಾರಿಗಳೆಲ್ಲ ಒಂದೆಡೆ ಬಂದು ಸೇರುತ್ತವೆ.

ಆದುದರಿಂದ ಎರಡನೆಯ ಸಂಪರ್ಕವನ್ನು ಕೊಳ್ಳುವ ಕಚೇರಿಯವರು ಬೆಲೆ ಮತ್ತು ವೇಗವನ್ನು ಮಾತ್ರ ವಿಚಾರಿಸಿದರೆ ಸಾಲದು. ಕೇಬಲ್ಲು ಕಟ್ಟಡದ ಯಾವ ಗೋಡೆಯಿಂದ ಒಳಗೆ ಬರುತ್ತದೆ? ಯಾವ ಬೀದಿಯಲ್ಲಿ ಸಾಗುತ್ತದೆ? ಯಾವ ಕೇಂದ್ರವನ್ನು ಸೇರುತ್ತದೆ? ಎರಡನೆಯ ಸಂಸ್ಥೆಯು ತನ್ನದೇ ಕೇಬಲ್ಲನ್ನು ಹಾಕಿದೆಯೋ, ಅಥವಾ ಮೊದಲನೆಯ ಸಂಸ್ಥೆಯಿಂದಲೇ ಬಾಡಿಗೆಗೆ ಪಡೆದಿದೆಯೋ? ಈ ಕೊನೆಯ ಪ್ರಶ್ನೆಯನ್ನು ಕೇಳುವವರು ಕಡಿಮೆ. ಹೆಸರು ಬೇರೆ, ಬಿಲ್ಲು ಬೇರೆ, ಕೇಬಲ್ಲು ಒಂದೇ ಎನ್ನುವಂಥ ಸಂಪರ್ಕಗಳು ಅಪರೂಪವಲ್ಲ.

ಕಡಲಿನಿಂದ ದೂರವಿರುವ ಬೆಂಗಳೂರಿನಂಥ ನಗರಕ್ಕೆ ಇದರ ಇನ್ನೊಂದು ಮುಖವೂ ಉಂಟು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯು ಬೆಂಗಳೂರಿನಲ್ಲಿ ತನ್ನ ಕೇಂದ್ರವನ್ನು ತೆರೆದಾಗ, ಅಮೆರಿಕದೊಡನೆ ಮಾತನಾಡಲು ಉಪಗ್ರಹದ ಮೂಲಕ ತನಗಾಗಿಯೇ ಒಂದು ಸಂಪರ್ಕವನ್ನು ಏರ್ಪಡಿಸಿಕೊಳ್ಳಬೇಕಾಯಿತು. ಈಗ ಹೊರದೇಶಗಳಿಗೆ ಹೋಗುವ ಸಂದೇಶಗಳಲ್ಲಿ ಹೆಚ್ಚಿನವು ನೆಲದ ಮೇಲೆ ಮುಂಬಯಿ, ಚೆನ್ನೈ ಮೊದಲಾದ ಕರಾವಳಿಯ ನಗರಗಳಿಗೆ ಸಾಗಿ, ಅಲ್ಲಿಂದ ಸಮುದ್ರದ ತಳದಲ್ಲಿ ಮಲಗಿರುವ ಕೇಬಲ್ಲುಗಳನ್ನು ಹಿಡಿಯುತ್ತವೆ. 2008ರ ಜನವರಿ 30ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯ ನಗರದ ಬಳಿ ಎರಡು ಸಮುದ್ರ ಕೇಬಲ್ಲುಗಳು ಒಂದೇ ದಿನ ಕಡಿದುಹೋದಾಗ, ಯೂರೋಪಿನ ಕಡೆಗೆ ಹೋಗುವ ದಾರಿಯನ್ನೇ ನೆಚ್ಚಿದ್ದ ಭಾರತದ ಬಳಕೆದಾರರು ತೊಂದರೆಗೊಳಗಾದರು. ಪೂರ್ವದಿಕ್ಕಿನಲ್ಲಿ ಪೆಸಿಫಿಕ್ ಸಾಗರವನ್ನು ದಾಟುವ ದಾರಿಯುಳ್ಳವರು ಆ ಕಡೆಗೆ ತಿರುಗಿಕೊಂಡರು. ವಿದೇಶಗಳೊಡನೆ ವ್ಯವಹರಿಸುವ ಬೆಂಗಳೂರಿನ ಸಂಸ್ಥೆಯೊಂದು ತನ್ನ ಎರಡು ಸಂಪರ್ಕಗಳಲ್ಲಿ ಒಂದು ಪಶ್ಚಿಮದ ಕಡಲನ್ನೂ ಇನ್ನೊಂದು ಪೂರ್ವದ ಕಡಲನ್ನೂ ಮುಟ್ಟುವಂತೆ ನೋಡಿಕೊಳ್ಳುವುದರಲ್ಲಿ ಅರ್ಥವಿದೆ.

ದಾರಿ ಬೇರೆಯಾದಷ್ಟೇ ಅಲ್ಲದೆ ದಾರಿಯ ಜಾತಿಯೂ ಬೇರೆಯಾದರೆ ಇನ್ನೂ ಒಳ್ಳೆಯದು. ನೆಲದಡಿಯ ಫೈಬರನ್ನು ಗುದ್ದಲಿ ಕಡಿಯಬಲ್ಲದು. ಮೊಬೈಲ್ ಗೋಪುರದ ತರಂಗಗಳನ್ನು ಗುದ್ದಲಿ ಏನೂ ಮಾಡಲಾರದು. ಸಣ್ಣ ಅಂಗಡಿಗಳಿಗೂ ಔಷಧಾಲಯಗಳಿಗೂ ಸಿಮ್ ಕಾರ್ಡು ಹಾಕಿದ ಒಂದು ಪುಟ್ಟ ರೂಟರೇ ಸಾಕಷ್ಟು ಒಳ್ಳೆಯ ಎರಡನೆಯ ದಾರಿಯಾಗಬಲ್ಲದು. ಉಪಗ್ರಹವು ಇನ್ನೊಂದು ಬಗೆ. ಭೂಮಿಯಿಂದ ಸುಮಾರು 36,000 ಕಿಲೋಮೀಟರು ಎತ್ತರದಲ್ಲಿರುವ ಉಪಗ್ರಹಕ್ಕೆ ಹೋಗಿ ಕೆಳಗಿಳಿಯಲು ಬೆಳಕಿನ ವೇಗದಲ್ಲಿಯೂ ಕಾಲು ಸೆಕೆಂಡು ಬೇಕು. ಉತ್ತರವೂ ಅಷ್ಟೇ ದೂರ ಕ್ರಮಿಸಬೇಕಾದುದರಿಂದ ಪ್ರಶ್ನೋತ್ತರಕ್ಕೆ ಅರ್ಧ ಸೆಕೆಂಡು ತಡ. ಕೆಲವು ನೂರು ಕಿಲೋಮೀಟರು ಎತ್ತರದಲ್ಲಿ ಸುತ್ತುವ ಹೊಸ ಬಗೆಯ ಉಪಗ್ರಹಗಳಲ್ಲಿ ಈ ತಡ ಬಹಳ ಕಡಿಮೆ. ಪೆಸಿಫಿಕ್ ಸಾಗರದ ಟೋಂಗಾ ದ್ವೀಪರಾಜ್ಯಕ್ಕೆ ಹೊರಜಗತ್ತಿನೊಡನೆ ಇದ್ದುದು ಒಂದೇ ಸಮುದ್ರ ಕೇಬಲ್ಲು. 2022ರ ಜನವರಿ 15ರಂದು ಜ್ವಾಲಾಮುಖಿಯು ಸಿಡಿದಾಗ ಅದು ತುಂಡಾಗಿ, ದುರಸ್ತಿಯಾಗಲು ಐದು ವಾರಗಳು ಹಿಡಿದವು. ಆ ಅವಧಿಯಲ್ಲಿ ದ್ವೀಪವಾಸಿಗಳಿಗೆ ದೊರೆತ ಅಲ್ಪಸ್ವಲ್ಪ ಸಂಪರ್ಕವು ಉಪಗ್ರಹಗಳ ಮೂಲಕವೇ ಬಂದಿತು.

ಇನ್ನು ಕಟ್ಟಡದ ಒಳಗೆ ಬರೋಣ. ಎರಡು ಸಂಸ್ಥೆಗಳಿಂದ, ಎರಡು ಬೀದಿಗಳಿಂದ, ಎರಡು ಗೋಡೆಗಳ ಮೂಲಕ ಬಂದ ಕೇಬಲ್ಲುಗಳು ಕೊನೆಗೆ ಒಂದೇ ರೂಟರಿಗೆ ಸೇರಿ, ಆ ರೂಟರು ಒಂದೇ ವಿದ್ಯುತ್ ಪ್ಲಗ್ಗಿಗೆ ಸೇರಿದ್ದರೆ, ಪಟ್ಟ ಶ್ರಮದ ಬಹುಭಾಗ ವ್ಯರ್ಥ. ಕರೆಂಟು ಹೋದ ಕ್ಷಣವೇ ಎರಡು ದಾರಿಗಳೂ ಮುಚ್ಚುತ್ತವೆ. ಕರೆಂಟು ಹೋಗುವುದು ಕೇಬಲ್ಲು ಕಡಿಯುವುದಕ್ಕಿಂತ ಸಾಮಾನ್ಯವಾದ ಘಟನೆಯೆಂಬುದನ್ನು ಹೇಳಬೇಕಾಗಿಲ್ಲ. ಆದುದರಿಂದ ದೊಡ್ಡ ಸಂಸ್ಥೆಗಳು ರೂಟರುಗಳನ್ನೂ ಎರಡು ಇಟ್ಟುಕೊಳ್ಳುತ್ತವೆ. ಪ್ರತಿಯೊಂದಕ್ಕೂ ಬೇರೆ ಬೇರೆ ಯುಪಿಎಸ್‌ಗಳಿಂದ ವಿದ್ಯುತ್ತನ್ನು ಕೊಡುತ್ತವೆ.

ಎಲ್ಲವೂ ಎರಡೆರಡಾದ ಮೇಲೆ, ಒಂದು ಕೆಟ್ಟಾಗ ಇನ್ನೊಂದಕ್ಕೆ ಹೊರಳುವವರು ಯಾರು? ಮನುಷ್ಯನು ಎದ್ದು ಹೋಗಿ ಕೇಬಲ್ಲನ್ನು ಬದಲಾಯಿಸುವಷ್ಟರಲ್ಲಿ ಕೆಲಸ ಕೆಟ್ಟಿರುತ್ತದೆ. ರೂಟರೇ ಅದನ್ನು ಮಾಡಬೇಕು. ಮಾಡಬೇಕಾದರೆ, ಮೊದಲ ದಾರಿ ಕೆಟ್ಟಿದೆಯೆಂದು ಅದಕ್ಕೆ ತಿಳಿಯಬೇಕು. ಇಲ್ಲಿಯೇ ಒಂದು ಸೂಕ್ಷ್ಮವಿದೆ. ಕೇಬಲ್ಲು ಪೂರ್ತಿಯಾಗಿ ತುಂಡಾದರೆ ರೂಟರಿನ ಮೇಲಿನ ಹಸಿರು ದೀಪ ಆರುತ್ತದೆ. ಆಗ ಯಾವ ಅನುಮಾನವೂ ಇಲ್ಲ. ಆದರೆ ಎಷ್ಟೋ ಸಲ ಕಚೇರಿಯಿಂದ ಸಂಪರ್ಕಸಂಸ್ಥೆಯ ಮೊದಲ ಪೆಟ್ಟಿಗೆಯವರೆಗೆ ಎಲ್ಲವೂ ಸರಿಯಾಗಿದ್ದು, ಅದರಾಚೆ ಕೆಟ್ಟಿರುತ್ತದೆ. ದೀಪ ಉರಿಯುತ್ತಲೇ ಇರುತ್ತದೆ. ರೂಟರು ದಾರಿ ತೆರೆದಿದೆಯೆಂದೇ ನಂಬಿ ಸಂದೇಶಗಳನ್ನು ಒಂದರ ಹಿಂದೊಂದರಂತೆ ಕಳುಹಿಸುತ್ತಲೇ ಇರುತ್ತದೆ. ಅವು ಎಲ್ಲಿಗೂ ತಲುಪುವುದಿಲ್ಲ.

ಕೆನಡಾದ ತುರ್ತುಕರೆಗಳಿಗೆ ಒದಗಿದ ಗತಿ ಇದೇ. ರಾಜರ್ಸ್‌ನ ಮೊಬೈಲ್ ಗೋಪುರಗಳೂ ಅಂದು ಸಂಪೂರ್ಣವಾಗಿ ಸತ್ತುಹೋಗಿದ್ದರೆ, ಗ್ರಾಹಕರ ಮೊಬೈಲುಗಳು 911ಕ್ಕೆ ಕರೆ ಮಾಡಲು ಪಕ್ಕದ ಬೇರೊಂದು ಸಂಸ್ಥೆಯ ಗೋಪುರವನ್ನು ತಾವಾಗಿಯೇ ಹುಡುಕಿಕೊಳ್ಳುತ್ತಿದ್ದವು. ಆದರೆ ಗೋಪುರಗಳು ತರಂಗಗಳನ್ನು ಹೊಮ್ಮಿಸುತ್ತಲೇ ಇದ್ದವು. ಕೆಟ್ಟಿದ್ದುದು ಅವುಗಳ ಹಿಂದಿನ ಜಾಲ. ಮೊಬೈಲುಗಳು ತಮ್ಮ ಗೋಪುರ ಜೀವಂತವಾಗಿದೆಯೆಂದು ನಂಬಿ ಅದಕ್ಕೇ ಅಂಟಿಕೊಂಡವು. ಪೂರ್ತಿ ಸತ್ತ ದಾರಿಗಿಂತ ಅರ್ಧ ಸತ್ತ ದಾರಿಯೇ ಹೆಚ್ಚು ಅಪಾಯಕಾರಿಯಾದುದು ಹೀಗೆ. ಆದಕಾರಣ ಎಚ್ಚರವುಳ್ಳವರು ರೂಟರಿಗೆ ದೀಪವನ್ನು ನಂಬಬೇಡವೆಂದು ಕಲಿಸುತ್ತಾರೆ. ಕೆಲವು ಸೆಕೆಂಡುಗಳಿಗೊಮ್ಮೆ ಅದು ದೂರದ ಎರಡು ಮೂರು ಸ್ಥಳಗಳಿಗೆ ‘ಇದ್ದೀಯಾ?’ ಎಂದು ಕೂಗಿ ಕೇಳುತ್ತದೆ. ಸತತವಾಗಿ ಹಲವು ಸಲ ಉತ್ತರ ಬಾರದಿದ್ದರೆ ಮಾತ್ರ ಇನ್ನೊಂದು ದಾರಿಗೆ ಹೊರಳುತ್ತದೆ. ಒಂದೇ ಸ್ಥಳವನ್ನು ಕೇಳಬಾರದು. ಆ ಸ್ಥಳವೇ ಕೆಟ್ಟಿರಬಹುದು. ಒಂದೇ ಸಲ ಕೇಳಿ ನಿರ್ಧರಿಸಲೂಬಾರದು. ಹಾಗೆ ಮಾಡಿದರೆ ರೂಟರು ಆ ದಾರಿಗೂ ಈ ದಾರಿಗೂ ತೂಗುಯ್ಯಾಲೆಯಾಡುತ್ತದೆ.

ಹೊರಗೆ ಹೋಗುವ ಸಂದೇಶಗಳ ಮಾತು ಹೀಗಾಯಿತು. ಹೊರಗಿನಿಂದ ಒಳಗೆ ಬರುವವುಗಳ ಸಮಸ್ಯೆ ಇನ್ನೂ ತೊಡಕಿನದು. ಅಂತರಜಾಲದಲ್ಲಿ ಪ್ರತಿಯೊಬ್ಬರಿಗೂ ಅಂಕಿಗಳ ರೂಪದ ಒಂದು ವಿಳಾಸವಿರುತ್ತದೆ. ಸಾಮಾನ್ಯವಾಗಿ ಈ ವಿಳಾಸವನ್ನು ಸಂಪರ್ಕಸಂಸ್ಥೆಯೇ ತನ್ನ ಪಾಲಿನಿಂದ ಗ್ರಾಹಕನಿಗೆ ಕೊಡುತ್ತದೆ. ಎರಡು ಸಂಸ್ಥೆಗಳಿಂದ ಸಂಪರ್ಕ ಪಡೆದ ಕಚೇರಿಯು ಎರಡು ಬೀದಿಗಳಿಗೆ ಬಾಗಿಲಿರುವ, ಎರಡು ಬೀದಿಗಳಲ್ಲಿಯೂ ಬೇರೆ ಬೇರೆ ನಂಬರಿರುವ ಮನೆಯಂತೆ. ಒಂದು ಬೀದಿಯನ್ನು ಅಗೆದುಹಾಕಿದರೆ ಮನೆಯವರು ಇನ್ನೊಂದು ಬಾಗಿಲಿನಿಂದ ಹೊರಗೆ ಹೋಗಬಲ್ಲರು. ಆದರೆ ಹಳೆಯ ನಂಬರಿಗೆ ಬರೆದ ಕಾಗದವನ್ನು ಹಿಡಿದ ಅಂಚೆಯವನು ಅಗೆದ ಬೀದಿಯ ತುದಿಯಲ್ಲೇ ನಿಲ್ಲುತ್ತಾನೆ. ಕೇವಲ ಹೊರಗೆ ಹೋಗಿ ನೋಡಿ ಬರುವ ಕಚೇರಿಗೆ ಇದು ದೊಡ್ಡ ತೊಂದರೆಯಲ್ಲ. ಆದರೆ ಬ್ಯಾಂಕು, ಆಸ್ಪತ್ರೆ, ಟಿಕೆಟು ಮಾರುವ ಸಂಸ್ಥೆ, ಇಂಥವುಗಳ ಬಾಗಿಲಿಗೆ ಹೊರಗಿನಿಂದ ಜನರು ಬರುತ್ತಾರೆ.

ಇದಕ್ಕೆ ಪರಿಹಾರವೆಂದರೆ ಯಾವ ಸಂಪರ್ಕಸಂಸ್ಥೆಗೂ ಸೇರದ ಸ್ವಂತ ವಿಳಾಸಗಳನ್ನು ಪಡೆದುಕೊಳ್ಳುವುದು. ಭಾರತದಲ್ಲಿ ಇವುಗಳನ್ನು ಐರಿನ್ ಎಂಬ ನೋಂದಣಿ ವ್ಯವಸ್ಥೆಯು ಹಂಚುತ್ತದೆ. ಹಾಗೆ ಪಡೆದ ವಿಳಾಸಗಳನ್ನು ಕಚೇರಿಯ ರೂಟರುಗಳು ಎರಡೂ ಸಂಸ್ಥೆಗಳ ಮೂಲಕ ಜಗತ್ತಿಗೆ ಸಾರುತ್ತವೆ: ‘ಈ ಮನೆಗೆ ಬರಬೇಕಾದವರು ಈ ದಾರಿಯಲ್ಲಿ ಬರಬಹುದು, ಆ ದಾರಿಯಲ್ಲಿಯೂ ಬರಬಹುದು.’ ಒಂದು ದಾರಿ ಮುಚ್ಚಿದಾಗ ಆ ಕಡೆಯ ಸಾರುವಿಕೆ ನಿಲ್ಲುತ್ತದೆ. ಜಗತ್ತಿನ ಉಳಿದ ರೂಟರುಗಳು ತಮ್ಮ ದಾರಿಪಟ್ಟಿಯನ್ನು ತಿದ್ದಿಕೊಳ್ಳುತ್ತವೆ. ಹೀಗೆ ಸಾರುವ ಭಾಷೆಗೆ ಬಾರ್ಡರ್ ಗೇಟ್‌ವೇ ಪ್ರೋಟೊಕಾಲ್, ಸಂಕ್ಷೇಪವಾಗಿ ಬಿಜಿಪಿ, ಎಂದು ಹೆಸರು. 1989ರಲ್ಲಿ ಕರ್ಕ್ ಲಾಹೀಡ್ ಮತ್ತು ಯಾಕೋವ್ ರೆಖ್ಟರ್ ಎಂಬ ಎಂಜಿನಿಯರುಗಳು ಊಟದ ಮೇಜಿನಲ್ಲಿ ಕುಳಿತು, ಕೈ ಒರೆಸುವ ಕಾಗದಗಳ ಮೇಲೆ ಇದರ ಮೊದಲ ರೂಪವನ್ನು ಗೀಚಿದರೆಂದು ಪ್ರಸಿದ್ಧಿಯಿದೆ. ಆಗ ಅದು ತಾತ್ಕಾಲಿಕ ಏರ್ಪಾಡಾಗಿತ್ತು. ಮೂರು ದಶಕಗಳು ಕಳೆದ ಮೇಲೂ ಅಂತರಜಾಲದ ದೊಡ್ಡ ಸಂಸ್ಥೆಗಳು ಪರಸ್ಪರ ದಾರಿ ತಿಳಿಸಿಕೊಳ್ಳುವುದು ಅದೇ ಬಿಜಿಪಿಯ ಮೂಲಕ.

ಎರಡನೆಯ ದಾರಿಯನ್ನು ಸುಮ್ಮನೆ ಇಟ್ಟುಕೊಳ್ಳುವುದು ಹಣ ಪೋಲು ಮಾಡಿದಂತೆ ಎಂದು ಲೆಕ್ಕಪತ್ರ ವಿಭಾಗದವರಿಗೆ ತೋರುವುದು ಸಹಜ. ಅವರ ಒತ್ತಾಯಕ್ಕೆ ಎರಡು ದಾರಿಗಳನ್ನೂ ದಿನನಿತ್ಯದ ಕೆಲಸಕ್ಕೆ ಹಚ್ಚುವುದುಂಟು. ಅದು ತಪ್ಪಲ್ಲ, ದಾರಿ ಬಳಕೆಯಲ್ಲಿದ್ದರೆ ಅದರ ಕುಂದು ಬೇಗ ತಿಳಿಯುತ್ತದೆ. ಆದರೆ ಕಾಲಕ್ರಮದಲ್ಲಿ ಕೆಲಸ ಬೆಳೆದು ಒಂದೊಂದು ದಾರಿಯೂ ನೂರಕ್ಕೆ 80ರಷ್ಟು ತುಂಬಿಕೊಳ್ಳುತ್ತದೆ. ಒಂದು ದಿನ ಒಂದು ದಾರಿ ಕೆಟ್ಟಾಗ, ನೂರರ ದಾರಿಯ ಮೇಲೆ ನೂರರವತ್ತರ ಹೊರೆ ಬೀಳುತ್ತದೆ. ಎರಡು ಎತ್ತು ಎಳೆಯುವ ಗಾಡಿಯನ್ನು ಒಂದೇ ಎತ್ತಿಗೆ ಕಟ್ಟಿದಂತೆ. ಆದುದರಿಂದ ಯಾವ ದಾರಿಯೂ ಅರ್ಧಕ್ಕಿಂತ ಹೆಚ್ಚು ತುಂಬದಂತೆ ಕಾಯಬೇಕು. ಇಲ್ಲವೇ ಕಷ್ಟಕಾಲದಲ್ಲಿ ಯಾವ ಕೆಲಸವನ್ನು ನಿಲ್ಲಿಸಿ ಯಾವುದನ್ನು ನಡೆಸಬೇಕೆಂದು ಮೊದಲೇ ಗೊತ್ತುಮಾಡಿರಬೇಕು. ಆಸ್ಪತ್ರೆಯಲ್ಲಿ ರೋಗಿಯ ರಕ್ತಪರೀಕ್ಷೆಯ ವರದಿ ಬರಲಿ. ಕಾಯುವ ಕೊಠಡಿಯ ಚಲನಚಿತ್ರ ನಿಲ್ಲಲಿ.

ಇಷ್ಟೆಲ್ಲ ಮಾಡಿದ ಮೇಲೂ ಒಂದು ಕೆಲಸ ಉಳಿಯುತ್ತದೆ. ಎಷ್ಟೋ ಕಡೆ ಅದನ್ನೇ ಮರೆಯುತ್ತಾರೆ. ಕೆಲಸದ ಒತ್ತಡವಿಲ್ಲದ ಒಂದು ಹೊತ್ತನ್ನು ಆರಿಸಿಕೊಂಡು, ಎಲ್ಲರಿಗೂ ತಿಳಿಸಿ, ಮೊದಲ ದಾರಿಯ ಕೇಬಲ್ಲನ್ನು ಕೈಯಾರೆ ಕಿತ್ತು ನೋಡಬೇಕು. ಸರಿಯಾಗಿರುವುದನ್ನು ಬೇಕೆಂದೇ ಕಿತ್ತುಹಾಕಲು ಯಾರ ಕೈಯೂ ಸುಲಭವಾಗಿ ಮುಂದಾಗುವುದಿಲ್ಲ. ಆದರೆ ಹಾಗೆ ಕಿತ್ತಾಗಲೇ ತಿಳಿಯುವ ಸಂಗತಿಗಳಿವೆ. ಎರಡನೆಯ ರೂಟರಿನ ಸಿಮ್ ಕಾರ್ಡಿಗೆ ರೀಚಾರ್ಜು ಮಾಡಿಸಿ ವರ್ಷವಾಗಿರುತ್ತದೆ. ಕಟ್ಟಡಕ್ಕೆ ಬಣ್ಣ ಹೊಡೆದವರು ಎರಡನೆಯ ಕೇಬಲ್ಲನ್ನು ಬಿಡಿಸಿ ಮತ್ತೆ ಸಿಕ್ಕಿಸಿರುವುದಿಲ್ಲ. ಹೊಸದಾಗಿ ತಂದ ಯಾವುದೋ ಯಂತ್ರಕ್ಕೆ ಮೊದಲ ದಾರಿಯ ವಿಳಾಸ ಮಾತ್ರ ಗೊತ್ತಿರುತ್ತದೆ. ಬಳಸದ ಬಾವಿಯ ಹಗ್ಗದಂತೆ, ನೋಡಲು ಗಟ್ಟಿಯಾಗಿರುವುದು ಕೊಡ ಇಳಿಸಿದಾಗ ತುಂಡಾಗುತ್ತದೆ.

ಕೆನಡಾದ ಅನಾಹುತಕ್ಕೆ ಕಾರಣವಾದುದು ಗುದ್ದಲಿಯೂ ಅಲ್ಲ, ಬೆಂಕಿಯೂ ಅಲ್ಲ. ರಾಜರ್ಸ್ ಸಂಸ್ಥೆಯು ತನ್ನ ಜಾಲವನ್ನು ಹಂತಹಂತವಾಗಿ ಸುಧಾರಿಸುತ್ತಿತ್ತು. ಆ ದಿನ ಬೆಳಗಿನ ಜಾವ, ದಾರಿಗಳ ಪಟ್ಟಿಯನ್ನು ಸೋಸಿ ಒಳಗೆ ಬಿಡುವ ಒಂದು ನಿಯಮವನ್ನು ಕೆಲವು ರೂಟರುಗಳಿಂದ ತೆಗೆದುಹಾಕಲಾಯಿತು. ತೂಬನ್ನು ಪೂರ್ತಿ ಎತ್ತಿದಂತಾಯಿತು. ಆ ಕಾಲಕ್ಕೆ ಜಗತ್ತಿನ ದಾರಿಪಟ್ಟಿಯಲ್ಲಿ 9 ಲಕ್ಷಕ್ಕೂ ಹೆಚ್ಚು ನಮೂದುಗಳಿದ್ದವು. ಆ ಪ್ರವಾಹವು ಜಾಲದ ನಡುಭಾಗದ ರೂಟರುಗಳ ಮೇಲೆ ನುಗ್ಗಿ, ಅವು ಹೊರೆಯನ್ನು ತಾಳಲಾರದೆ ನಿಂತವು. ಮೊಬೈಲು ಸೇವೆಗೂ ಮನೆ ಮತ್ತು ಕಚೇರಿಗಳ ಕೇಬಲ್ ಸೇವೆಗೂ ನಡುಭಾಗ ಒಂದೇ ಆಗಿತ್ತು. ಕಚೇರಿಯಲ್ಲಿ ರಾಜರ್ಸ್‌ನ ಕೇಬಲ್ಲನ್ನೂ, ಅದು ಕೆಟ್ಟರೆ ಇರಲೆಂದು ರಾಜರ್ಸ್‌ನ ಮೊಬೈಲನ್ನೂ ಇಟ್ಟುಕೊಂಡಿದ್ದವರ ಎರಡು ಬಾವಿಗಳ ಒರತೆ ಯಾವುದೆಂಬುದು ಅಂದು ತಿಳಿಯಿತು.

ರಾಜರ್ಸ್‌ನ ಎಂಜಿನಿಯರುಗಳ ಪಾಡೂ ಬೇರೆಯಾಗಿರಲಿಲ್ಲ. ಕೆಟ್ಟ ರೂಟರುಗಳನ್ನು ದೂರದಿಂದಲೇ ಪರಿಶೀಲಿಸುವ ಅವರ ಆಡಳಿತ ಜಾಲವೂ ಅದೇ ನಡುಭಾಗವನ್ನು ಅವಲಂಬಿಸಿತ್ತು. ಒಬ್ಬರೊಡನೊಬ್ಬರು ಮಾತನಾಡೋಣವೆಂದರೆ ಅವರ ದೂರವಾಣಿಗಳೂ ರಾಜರ್ಸ್‌ನವೇ. ಮೂಲಕಾರಣವನ್ನು ಗುರುತಿಸುವುದಕ್ಕೇ ಹಲವು ಗಂಟೆಗಳು ಹಿಡಿದವು. ಆ ಬಳಿಕ ಸಂಸ್ಥೆಯು ಮೊಬೈಲು ಸೇವೆಯ ಜಾಲವನ್ನೂ ಕೇಬಲ್ ಸೇವೆಯ ಜಾಲವನ್ನೂ ಬೇರ್ಪಡಿಸಲು ನಿರ್ಧರಿಸಿತು. ಇಂಟರ್ಯಾಕ್ ಇನ್ನೊಂದು ಸಂಸ್ಥೆಯಿಂದಲೂ ಸಂಪರ್ಕವನ್ನು ಪಡೆಯುವುದಾಗಿ ತಿಳಿಸಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕೆನಡಾದ ದೊಡ್ಡ ದೂರಸಂಪರ್ಕ ಸಂಸ್ಥೆಗಳು ಸರ್ಕಾರದ ಸೂಚನೆಯ ಮೇರೆಗೆ ಒಂದು ಒಪ್ಪಂದವನ್ನು ಮಾಡಿಕೊಂಡವು. ಒಬ್ಬರ ಜಾಲ ಕೆಟ್ಟಾಗ ತುರ್ತುಕರೆಗಳಿಗಾದರೂ ಇನ್ನೊಬ್ಬರು ದಾರಿ ಕೊಡಬೇಕೆಂಬುದು ಅದರ ಒಂದು ಭಾಗ. ಜುಲೈ 8ರ ಆ ಬೆಳಿಗ್ಗೆ ಮಾತ್ರ, ರಾಜರ್ಸ್‌ನ ನೌಕರರಲ್ಲಿ ಮೊದಲು ಪರಸ್ಪರ ಮಾತನಾಡಲು ಸಾಧ್ಯವಾದುದು ಕೆಲವರಿಗೆ. ಇಂಥದೊಂದು ದಿನ ಬಂದೀತೆಂದು ಹಲವು ವರ್ಷಗಳ ಹಿಂದೆಯೇ ಪ್ರತಿಸ್ಪರ್ಧಿ ಸಂಸ್ಥೆಗಳು ತಮ್ಮತಮ್ಮಲ್ಲಿ ವಿನಿಮಯ ಮಾಡಿಕೊಂಡಿದ್ದ ಸಿಮ್ ಕಾರ್ಡುಗಳು ಅವರ ಕೈಯಲ್ಲಿದ್ದವು.